ಉಶುವಾಯದಿಂದ ಸೌತ್ ಜಾರ್ಜಿಯಾ, ಅಂಟಾರ್ಕ್ಟಿಕಾ: ಉದ್ದದ ಹಡಗು ಪ್ರವಾಸ ಮತ್ತು ಕೊನೆಗಳಿಗೆಯ ರಿಯಾಯಿತಿ – ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದೆಲ್ಲ ಒಂದೇ ಬಗೆಯ ಪ್ರವಾಸದ ಬಗ್ಗೆ. ಅರ್ಜೆಂಟೀನಾದ ತುದಿಯಲ್ಲಿರುವ ಉಶುವಾಯದಲ್ಲಿ ಹಡಗು ಹತ್ತಿ, ಫಾಕ್‌ಲ್ಯಾಂಡ್ ದ್ವೀಪಗಳು, ದಕ್ಷಿಣ ಅಟ್ಲಾಂಟಿಕ್ ಸಾಗರದ ಸೌತ್ ಜಾರ್ಜಿಯಾ ದ್ವೀಪ, ಅಂಟಾರ್ಕ್ಟಿಕ್ ಪರ್ಯಾಯದ್ವೀಪ ಮೂರನ್ನೂ ಸುತ್ತಿಕೊಂಡು ಬರುವುದು. ಸಾಮಾನ್ಯವಾಗಿ 18ರಿಂದ 23 ದಿನ. ದುಡ್ಡು ಜಾಸ್ತಿ, ರಜೆ ಜಾಸ್ತಿ, ಹೋಗುವುದು ಹೆಚ್ಚಿನವರ ಪಾಲಿಗೆ ಜೀವನದಲ್ಲಿ ಒಂದೇ ಸಲ. ಹಾಗಾಗಿ ಪ್ರಶ್ನೆಗಳೂ ಜಾಸ್ತಿ.

10 ದಿನದ ಅಂಟಾರ್ಕ್ಟಿಕಾ ಪ್ರವಾಸ ಸಾಲದಾ? ಇಷ್ಟು ಉದ್ದದ್ದು ಯಾಕೆ?

ನಿಮಗೆ ಏನು ನೋಡಬೇಕು ಅನ್ನುವುದರ ಮೇಲೆ ಹೋಗುತ್ತದೆ. ಹಿಮ, ನೀರ್ಗಲ್ಲುಗಳ ಬೆಟ್ಟ, ಆ ನೀಲಿ ಬಣ್ಣ, 'ಏಳನೇ ಖಂಡಕ್ಕೆ ಕಾಲಿಟ್ಟೆ' ಅನ್ನುವ ಖುಷಿ – ಇಷ್ಟೇ ಬೇಕಿದ್ದರೆ 10–11 ದಿನದ್ದು ಧಾರಾಳ ಸಾಕು. ಪ್ರಾಣಿ ಪಕ್ಷಿಗಳೇ ಮುಖ್ಯ ಅನ್ನುವವರಿಗೆ ನನ್ನ ಉತ್ತರ ಒಂದೇ: ಸೌತ್ ಜಾರ್ಜಿಯಾ ಇಲ್ಲದ ಪ್ರವಾಸಕ್ಕೆ ದುಡ್ಡು ಹಾಕುವ ಮೊದಲು ಎರಡು ಸಲ ಯೋಚಿಸಿ.

ದಿನಗಳ ಲೆಕ್ಕ ಹೀಗಿದೆ. 10 ದಿನದ ಪ್ರವಾಸದಲ್ಲಿ ದಕ್ಷಿಣ ಅಮೆರಿಕಕ್ಕೂ ಅಂಟಾರ್ಕ್ಟಿಕಾಕ್ಕೂ ನಡುವಿನ ಸಮುದ್ರವಾದ ಡ್ರೇಕ್ ಪ್ಯಾಸೇಜ್ ದಾಟಲು ಹೋಗುತ್ತಾ ಎರಡು, ಬರುತ್ತಾ ಎರಡು ದಿನ. ಹತ್ತುವ ಇಳಿಯುವ ದಿನ ಬಿಟ್ಟರೆ ನೆಲಕ್ಕಿಳಿಯಲು ಸಿಗುವುದು ನಾಲ್ಕೈದು ದಿನ. 20 ದಿನದ್ದರಲ್ಲಿ ಫಾಕ್‌ಲ್ಯಾಂಡ್‌ಗೆ ಎರಡು, ಸೌತ್ ಜಾರ್ಜಿಯಾಕ್ಕೆ ಮೂರು-ನಾಲ್ಕು, ಪರ್ಯಾಯದ್ವೀಪಕ್ಕೆ ಮೂರು-ನಾಲ್ಕು. ಅಂದರೆ ಎಂಟರಿಂದ ಹತ್ತು ದಿನ. ಉಳಿದದ್ದೆಲ್ಲ ಸಮುದ್ರ. ಸಮುದ್ರದ ದಿನಗಳು ದಂಡ ಅನ್ನುವವರು ಈ ಪ್ರವಾಸಕ್ಕೆ ಬರಬೇಡಿ. ಹಡಗಿನ ಹಿಂದೆ ಗಂಟೆಗಟ್ಟಲೆ ರೆಕ್ಕೆ ಬಡಿಯದೆ ತೇಲಿಬರುವ ಆಲ್ಬಟ್ರಾಸ್ ಹಕ್ಕಿಯನ್ನು ಡೆಕ್ ಮೇಲೆ ನಿಂತು ನೋಡುತ್ತಾ ಇರಬಲ್ಲವರಿಗೆ ಆ ದಿನಗಳೂ ಪ್ರವಾಸವೇ. ವಾಂಡರಿಂಗ್ ಆಲ್ಬಟ್ರಾಸ್‌ನ ರೆಕ್ಕೆಯ ಹರವು ಮೂರು ಮೀಟರ್ ದಾಟುತ್ತದೆ. ಪಕ್ಕದಲ್ಲೇ ಹಾದುಹೋದಾಗಲೇ ಅದು ಎಷ್ಟು ದೊಡ್ಡದು ಎಂದು ತಿಳಿಯುವುದು.

ಸೌತ್ ಜಾರ್ಜಿಯಾದಲ್ಲಿ ಅಂಥದ್ದೇನಿದೆ?

ಸೇಂಟ್ ಆಂಡ್ರ್ಯೂಸ್ ಬೇ ಅನ್ನುವ ಒಂದು ಕೊಲ್ಲಿಯಲ್ಲೇ ಸುಮಾರು ಒಂದೂವರೆ ಲಕ್ಷ ಜೋಡಿ ಕಿಂಗ್ ಪೆಂಗ್ವಿನ್‌ಗಳು ಗೂಡು ಹಾಕುತ್ತವೆ. ಗೂಡು ಅಂದೆ, ನಿಜವಾಗಿ ಗೂಡೇ ಇಲ್ಲ. ಮೊಟ್ಟೆಯನ್ನು ಪಾದದ ಮೇಲಿಟ್ಟು, ಹೊಟ್ಟೆಯ ಚರ್ಮದ ಮಡಿಕೆಯಲ್ಲಿ ಮುಚ್ಚಿಕೊಂಡು ನಿಲ್ಲುತ್ತವೆ. ಪಕ್ಕದವನ ಕೊಕ್ಕು ತಾಗದಷ್ಟು ದೂರ ಬಿಟ್ಟು ನಿಲ್ಲುವುದರಿಂದ ಇಡೀ ಬಯಲು ಚುಕ್ಕಿ ಇಟ್ಟ ಹಾಗೆ ಕಾಣುತ್ತದೆ. ನಡುನಡುವೆ ಕಂದು ತುಪ್ಪಳದ ಮರಿಗಳ ಗುಂಪು. ಮರಿ ಬೆಳೆದು ಸಮುದ್ರಕ್ಕಿಳಿಯಲು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೇಕು. ಅದಕ್ಕೇ ಯಾವ ತಿಂಗಳು ಹೋದರೂ ಮೊಟ್ಟೆಯೋ ಮರಿಯೋ ಸಿಕ್ಕೇ ಸಿಗುತ್ತದೆ. ವಾಸನೆ ಮಾತ್ರ ದಡ ಮುಟ್ಟುವ ಮೊದಲೇ ಮೂಗಿಗೆ ಬಡಿಯುತ್ತದೆ.

ಸಾಲಿಸ್‌ಬರಿ ಪ್ಲೇನ್, ಗೋಲ್ಡ್ ಹಾರ್ಬರ್, ಫಾರ್ಚುನಾ ಬೇ ಕೂಡ ಹೀಗೇ. ಇದರ ಜೊತೆ ನಾಲ್ಕು ಟನ್‌ವರೆಗೆ ತೂಗುವ ಗಂಡು ಎಲಿಫೆಂಟ್ ಸೀಲ್‌ಗಳು, ಮರಳಿನ ಮೇಲೆ ಹಲ್ಲು ಕಿರಿದುಕೊಂಡು ಅಟ್ಟಿಸಿಕೊಂಡು ಬರುವ ಫರ್ ಸೀಲ್‌ಗಳು. ಹಿಂದೆ ಸುಮಾರು ಮೂರು ಸಾವಿರ ಮೀಟರ್‌ವರೆಗೆ ಏರುವ ಹಿಮದ ಶಿಖರಗಳು.

ಇತಿಹಾಸವೂ ಇದೆ. 1904ರಲ್ಲಿ ನಾರ್ವೆಯ ಕಾರ್ಲ್ ಆಂಟನ್ ಲಾರ್ಸೆನ್ ಗ್ರಿಟ್‌ವಿಕೆನ್‌ನಲ್ಲಿ ತಿಮಿಂಗಿಲ ಬೇಟೆಯ ಕೇಂದ್ರ ಶುರು ಮಾಡಿದ. ಬೇಟೆಯಾಡಿ ಆಡಿ ತಿಮಿಂಗಿಲಗಳೇ ಮುಗಿಯುವ ಹಂತಕ್ಕೆ ಬಂದವು. 1960ರ ದಶಕದಲ್ಲಿ ಕೇಂದ್ರ ಮುಚ್ಚಿತು. ತುಕ್ಕು ಹಿಡಿದ ಎಣ್ಣೆ ತೊಟ್ಟಿಗಳ ಪಕ್ಕ ಈಗ ಸೀಲ್‌ಗಳು ಮಲಗುತ್ತವೆ. 1922ರ ಜನವರಿಯಲ್ಲಿ ಇಲ್ಲೇ ತೀರಿಕೊಂಡ ಅಂಟಾರ್ಕ್ಟಿಕಾ ಅನ್ವೇಷಕ ಅರ್ನೆಸ್ಟ್ ಶಾಕಲ್‌ಟನ್‌ನ ಸಮಾಧಿ ಅಲ್ಲೇ ಸಣ್ಣ ಸ್ಮಶಾನದಲ್ಲಿದೆ. ಹಡಗಿನವರು ಅಲ್ಲಿ ಒಂದು ಗುಟುಕು ವಿಸ್ಕಿ ಕುಡಿಯುವುದು ವಾಡಿಕೆ.

ಬೇಟೆ ಹಡಗುಗಳ ಜೊತೆ ಬಂದ ಇಲಿಗಳು ನೆಲದಲ್ಲಿ ಗೂಡು ಮಾಡುವ ಹಕ್ಕಿಗಳ ಮೊಟ್ಟೆ ಮರಿ ತಿಂದು ಹಾಳುಮಾಡಿದ್ದವು. ಹೆಲಿಕಾಪ್ಟರ್‌ನಿಂದ ವಿಷದ ತುಣುಕು ಉದುರಿಸಿ, ವರ್ಷಗಟ್ಟಲೆ ಕಾದು, 2018ರಲ್ಲಿ ದ್ವೀಪ ಇಲಿಮುಕ್ತ ಎಂದು ಘೋಷಿಸಿದರು. ಈಗ ಸೌತ್ ಜಾರ್ಜಿಯಾ ಪಿಪಿಟ್ ಅನ್ನುವ ಪುಟ್ಟ ಹಾಡುಹಕ್ಕಿ ಮತ್ತೆ ಕಿವಿಗೆ ಬೀಳುತ್ತಿದೆ. ನಿಮ್ಮ ಬೂಟು ತಪಾಸಣೆ ಅಷ್ಟು ಕಟ್ಟುನಿಟ್ಟಾಗಿ ಮಾಡುವುದು ಯಾಕೆ ಅನ್ನುವುದಕ್ಕೆ ಉತ್ತರವೂ ಇದೇ. ಆ ವಿಷಯ ಕೆಳಗಿದೆ.

ಹಕ್ಕಿಜ್ವರ ಬಂದಿದೆಯಂತೆ. ಈಗ ಹೋಗುವುದರಲ್ಲಿ ಅರ್ಥ ಇದೆಯಾ?

2023ರ ಅಕ್ಟೋಬರ್‌ನಲ್ಲಿ ಸೌತ್ ಜಾರ್ಜಿಯಾದ ಬರ್ಡ್ ಐಲೆಂಡ್‌ನಲ್ಲಿ ಮೊದಲು ಕಂಡಿತು. ಎಲಿಫೆಂಟ್ ಸೀಲ್‌ಗಳಿಗೆ ದೊಡ್ಡ ಏಟು ಬಿದ್ದಿದೆ. ಹಳೆಯ ಫೋಟೋಗಳಲ್ಲಿ ಕಾಣುವಷ್ಟು ಸೀಲ್ ಎಲ್ಲ ದಡದಲ್ಲೂ ಇರುತ್ತವೆ ಎಂದುಕೊಂಡು ಹೋಗಬೇಡಿ. ಕಿಂಗ್ ಪೆಂಗ್ವಿನ್‌ಗಳ ದೊಡ್ಡ ನೆಲೆಗಳು ನಿಂತಿವೆ.

ಪ್ರವಾಸಿಗೆ ಆಗುವ ವ್ಯತ್ಯಾಸ ಎರಡು. ಕೆಲವು ಜಾಗಗಳನ್ನು ಮುಚ್ಚಬಹುದು, ಆಗ ಇಳಿಯುವ ಬದಲು ರಬ್ಬರ್ ದೋಣಿಯಲ್ಲೇ ಕೂತು ದಡ ನೋಡಬೇಕು. ಇನ್ನೊಂದು, ನೆಲದ ಮೇಲೆ ಕೂರುವುದು, ಮಂಡಿಯೂರುವುದು, ಬ್ಯಾಗ್ ಇಡುವುದು ಬಂದ್. ಮಲಗಿ ಫೋಟೋ ತೆಗೆಯುವ ಅಭ್ಯಾಸ ಇರುವವರು ತಿರುಗುವ ಪರದೆಯ ಕ್ಯಾಮೆರಾ ತೆಗೆದುಕೊಂಡು ಹೋಗಿ.

ಯಾವ ತಿಂಗಳು ಒಳ್ಳೆಯದು?

ಸೀಸನ್ ಅಕ್ಟೋಬರ್ ಕೊನೆಯಿಂದ ಮಾರ್ಚ್ ಕೊನೆವರೆಗೆ. ನವೆಂಬರ್‌ನಲ್ಲಿ ಹಿಮ ಹೊಸದು, ಗಂಡು ಎಲಿಫೆಂಟ್ ಸೀಲ್‌ಗಳು ಇನ್ನೂ ದಡದಲ್ಲಿರುತ್ತವೆ, ಫರ್ ಸೀಲ್ ಕಾಟ ಕಡಿಮೆ. ಡಿಸೆಂಬರ್‌ನಿಂದ ಜನವರಿ ಶುರುವಿನವರೆಗೆ ಹಗಲು ಉದ್ದ, ಪರ್ಯಾಯದ್ವೀಪದಲ್ಲಿ ಮೊಟ್ಟೆ ಒಡೆದು ಪೆಂಗ್ವಿನ್ ಮರಿಗಳು ಹೊರಬರುವ ಹೊತ್ತು, ಬೆಲೆಯೂ ನೆತ್ತಿಗೇರಿರುತ್ತದೆ. ಆದರೆ ಆಗಲೇ ಸೌತ್ ಜಾರ್ಜಿಯಾದ ಕೆಲವು ದಡಗಳಲ್ಲಿ ಫರ್ ಸೀಲ್‌ಗಳು ಎಷ್ಟು ತುಂಬಿರುತ್ತವೆ ಅಂದರೆ ಇಳಿಯಲು ಜಾಗವೇ ಇರುವುದಿಲ್ಲ. ಫೆಬ್ರವರಿ-ಮಾರ್ಚ್ ತಿಮಿಂಗಿಲದ ಕಾಲ.

ನನ್ನನ್ನು ಕೇಳಿದರೆ ಸೌತ್ ಜಾರ್ಜಿಯಾಕ್ಕೆ ನವೆಂಬರ್. ಅದೃಷ್ಟಕ್ಕೆ ರಿಯಾಯಿತಿ ಹೆಚ್ಚು ಕಾಣುವುದೂ ಸೀಸನ್‌ನ ಎರಡು ತುದಿಗಳಲ್ಲೇ. ಕ್ರಿಸ್‌ಮಸ್ ರಜೆಯಲ್ಲಿ ಡೀಲ್ ಹುಡುಕುವುದು ಸುಮ್ನೆ ಕಾಲಹರಣ.

ಹಿಮಕರಡಿ, ಎಂಪರರ್ ಪೆಂಗ್ವಿನ್ ಕಾಣುತ್ತವಾ?

ಹಿಮಕರಡಿ ಇರುವುದು ಉತ್ತರ ಧ್ರುವದ ಕಡೆ ಮಾತ್ರ. ಎಂಪರರ್ ಈ ದಾರಿಯಲ್ಲಿ ಕಂಡರೆ ಅದು ಲಾಟರಿ. ಅವುಗಳಿಗೆಂದೇ ವೆಡೆಲ್ ಸಮುದ್ರದ ಸ್ನೋ ಹಿಲ್ ದ್ವೀಪದ ಕಡೆ ಹೋಗುವ ಬೇರೆ ಪ್ರವಾಸಗಳಿವೆ, ಬೆಲೆಯೂ ಬೇರೆ.

ಹಡಗು ದೊಡ್ಡದಿರಬೇಕಾ, ಚಿಕ್ಕದಿರಬೇಕಾ?

ಬೆಲೆಗಿಂತ ಮೊದಲು ಇದನ್ನು ನೋಡಿ. ಅಂಟಾರ್ಕ್ಟಿಕಾ ಪ್ರವಾಸ ನಡೆಸುವ ಕಂಪನಿಗಳು 1991ರಲ್ಲಿ ಕಟ್ಟಿಕೊಂಡ ಒಕ್ಕೂಟ ಇದೆ, ಹೆಸರು ಐಎಎಟಿಒ. ಅದರ ನಿಯಮದಂತೆ ಒಂದು ಜಾಗದಲ್ಲಿ ಒಂದು ಹೊತ್ತಿಗೆ 100ಕ್ಕಿಂತ ಹೆಚ್ಚು ಪ್ರವಾಸಿಗರು ಇಳಿಯುವಂತಿಲ್ಲ. 500ಕ್ಕಿಂತ ಹೆಚ್ಚು ಜನರಿರುವ ಹಡಗಿನಿಂದ ಯಾರನ್ನೂ ಇಳಿಸುವಂತೆಯೇ ಇಲ್ಲ.

ಇದರ ಅರ್ಥ ಸರಳ. 100 ಜನರ ಹಡಗಾದರೆ ಎಲ್ಲರೂ ಒಟ್ಟಿಗೆ ಇಳಿಯಬಹುದು. 200 ಜನರ ಹಡಗಿನಲ್ಲಿ ಎರಡು ಪಾಳಿ. ಅರ್ಧ ಜನ ದಡದಲ್ಲಿದ್ದಾಗ ಉಳಿದರ್ಧ ದೋಣಿಯಲ್ಲಿ ಸುತ್ತುತ್ತಾರೆ. 400 ಜನರಿದ್ದರೆ ನಿಮ್ಮ ಸರದಿ ಬರುವ ಹೊತ್ತಿಗೆ ಮೋಡ ಕವಿದಿರಬಹುದು. ಭಾರಿ ರಿಯಾಯಿತಿ ಕಂಡಾಗ ಮೊದಲು ನೋಡಬೇಕಾದದ್ದು ಹಡಗಿನಲ್ಲಿ ಎಷ್ಟು ಜನ ಅನ್ನುವುದನ್ನು. 'ಸುತ್ತುನೋಟ ಮಾತ್ರ' ಎಂದು ಬರೆದಿದ್ದರೆ ನೀವು ಇಳಿಯುವುದೇ ಇಲ್ಲ, ಬಾಲ್ಕನಿಯಿಂದ ನೋಡಿ ವಾಪಸ್.

ದೊಡ್ಡ ಹಡಗಿಗೂ ಒಂದು ಒಳ್ಳೆಯ ಗುಣ ಇದೆ: ಅಲೆಗೆ ಅಲುಗಾಟ ಸ್ವಲ್ಪ ಕಡಿಮೆ. ನಡುವಿನ 100ರಿಂದ 170 ಜನರ ಹಡಗು ಹೆಚ್ಚಿನವರಿಗೆ ಸರಿಹೊಂದುತ್ತದೆ.

ಒಟ್ಟು ಎಷ್ಟು ಖರ್ಚಾಗುತ್ತದೆ?

ಅಂದಾಜು ಹೇಳಬಹುದು. 10–11 ದಿನದ ಪ್ರವಾಸದಲ್ಲಿ ಮೂರು-ನಾಲ್ಕು ಜನ ಹಂಚಿಕೊಳ್ಳುವ ಅತಿ ಅಗ್ಗದ ಮಂಚಕ್ಕೆ 6,000–8,000 ಡಾಲರ್ ಆಸುಪಾಸು. 20 ದಿನದ ಉದ್ದ ಪ್ರವಾಸದಲ್ಲಿ ಅದೇ ಮಂಚಕ್ಕೆ 12,000–15,000. ಕಿಟಕಿ ಇರುವ ಇಬ್ಬರ ಕ್ಯಾಬಿನ್ ಬೇಕಿದ್ದರೆ ಅದಕ್ಕೂ ಮೇಲೆ. ಇವೆಲ್ಲ ಒಬ್ಬರಿಗೆ.

ಹಡಗಿನ ಹೊರಗಿನ ಖರ್ಚು ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಬೆಂಗಳೂರಿನಿಂದ ಬ್ಯೂನಸ್ ಐರಿಸ್, ಅಲ್ಲಿಂದ ಮೂರೂವರೆ ಗಂಟೆ ಹಾರಿ ಉಶುವಾಯ, ಹೋಟೆಲ್, ವೀಸಾ, ವಿಮೆ. ಉದಾಹರಣೆಗೆ ಇದೆಲ್ಲ 3,000 ಡಾಲರ್ ಅಂದುಕೊಳ್ಳೋಣ. 7,000ದ ಸಣ್ಣ ಪ್ರವಾಸ ಒಟ್ಟು 10,000 ಆಯಿತು, ಐದು ದಿನ ಇಳಿದರೆ ದಿನಕ್ಕೆ 2,000. 14,000ದ ಉದ್ದ ಪ್ರವಾಸ ಒಟ್ಟು 17,000, ಒಂಬತ್ತು ದಿನ ಇಳಿದರೆ ದಿನಕ್ಕೆ 1,900ಕ್ಕೂ ಕಮ್ಮಿ. ಉದ್ದದ್ದು ದುಬಾರಿ ನಿಜ, ಆದರೆ ಇಷ್ಟು ದೂರ ಹೋಗುವ ವಿಮಾನದ ದುಡ್ಡು ಅದರಲ್ಲಿ ಚೆನ್ನಾಗಿ ವಸೂಲಾಗುತ್ತದೆ.

ಇನ್ನೊಂದು ನಮ್ಮ ಕಡೆಯ ಖರ್ಚು: ಭಾರತದ ಏಜೆಂಟ್ ಮೂಲಕ ಪ್ಯಾಕೇಜ್ ಕೊಂಡರೆ ಟಿಸಿಎಸ್, ಅಂದರೆ ಮಾರುವವರೇ ಮುಂಚಿತವಾಗಿ ವಸೂಲು ಮಾಡುವ ತೆರಿಗೆ, ಹಿಡಿಯುತ್ತಾರೆ. ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿವರೆಗೆ ಆ ದುಡ್ಡು ಕೈಗೆ ಸಿಗುವುದಿಲ್ಲ. ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತದೆ, ಕಟ್ಟುವ ದಿನ ನಿಮ್ಮ ಆಡಿಟರ್ ಹತ್ತಿರ ಕೇಳಿಕೊಳ್ಳಿ. ಹೊರದೇಶದ ಕಂಪನಿಗೆ ನೇರ ಕಟ್ಟುವುದಾದರೆ ಕಾರ್ಡಿನ ಮೇಲೆ ಬ್ಯಾಂಕ್ ಹಾಕುವ ವಿದೇಶಿ ವಿನಿಮಯದ ಹೆಚ್ಚುವರಿ ಶುಲ್ಕ ನೋಡಿ. ಹತ್ತು ಸಾವಿರ ಡಾಲರ್ ಮೇಲೆ ಮೂರು ಪರ್ಸೆಂಟ್ ಅಂದರೂ ಸಣ್ಣ ಮೊತ್ತ ಅಲ್ಲ, ಅಲ್ವಾ?

ಕೊನೆಗಳಿಗೆಯ ರಿಯಾಯಿತಿ ನಿಜವಾ? ಎಲ್ಲಿಂದ ಬರುತ್ತದೆ?

ನಿಜ. ಹಡಗು ಹೊರಟ ಮೇಲೆ ಖಾಲಿ ಮಂಚಕ್ಕೆ ಬೆಲೆ ಸೊನ್ನೆ. ಡೀಸೆಲ್, ಅಡುಗೆಯವರು, ಗೈಡ್‌ಗಳ ಸಂಬಳ ಎಲ್ಲ ಹೇಗೂ ಖರ್ಚಾಗುವುದೇ. ಹಾಗಾಗಿ ಕಡಿಮೆಗಾದರೂ ಕೊಟ್ಟುಬಿಡುತ್ತಾರೆ.

ಆದರೆ ಯಾವಾಗ ಅನ್ನುವುದಕ್ಕೆ ಒಂದು ಕ್ರಮ ಇದೆ. ಬುಕ್ ಮಾಡಿದವರು ಪೂರ್ತಿ ಹಣ ಕಟ್ಟಲು ಕೊನೆಯ ದಿನ ಸಾಮಾನ್ಯವಾಗಿ ಹಡಗು ಹೊರಡುವ 90ರಿಂದ 120 ದಿನ ಮುಂಚೆ. ಆ ದಿನ ಕೆಲವರು ಹಿಂದೆ ಸರಿಯುತ್ತಾರೆ. ಗುಂಪಿಗೆಂದು ಹಿಡಿದಿಟ್ಟ ಕ್ಯಾಬಿನ್‌ಗಳನ್ನು ಏಜೆಂಟರು ವಾಪಸ್ ಬಿಡುತ್ತಾರೆ. ಆಗ ಕಂಪನಿಗೆ ನಿಜವಾಗಿ ಎಷ್ಟು ಖಾಲಿ ಎಂದು ತಿಳಿಯುತ್ತದೆ. ಮೊದಲ ದೊಡ್ಡ ಇಳಿಕೆ ಬರುವುದು ಆ ನಂತರದ ವಾರಗಳಲ್ಲಿ. ನಂತರವೂ ಉಳಿದರೆ ಇನ್ನಷ್ಟು ಇಳಿಸಬಹುದು, ಆದರೆ ಆಗ ಉಳಿದಿರುವುದು ಒಂದೋ ಅತಿ ದುಬಾರಿ ಸೂಟ್, ಇಲ್ಲವೇ ಕೆಳ ಡೆಕ್ಕಿನ ಮೂರು ಜನರ ಕ್ಯಾಬಿನ್‌ನಲ್ಲಿ ಒಂದು ಮಂಚ.

ಇದಲ್ಲದೆ ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೇ, ಆಮೇಲೆ ಜನವರಿಯಿಂದ ಮಾರ್ಚ್ – ಇವು ಮುಂದಿನ ಸೀಸನ್‌ಗೆ ರಿಯಾಯಿತಿ ಕೊಡುವ ಕಾಲ. ಮುಂಚೆ ಬುಕ್ ಮಾಡುವವರಿಗೆ ಕೊಡುವ ಈ ಬೆಲೆ ಹಲವು ಸಲ ಕೊನೆಗಳಿಗೆಯ ಬೆಲೆಗೆ ಹತ್ತಿರವೇ ಇರುತ್ತದೆ. ಅದರ ಮೇಲೆ ಬೇಕಾದ ಕ್ಯಾಬಿನ್ ಆರಿಸಿಕೊಳ್ಳಬಹುದು.

ಉದ್ದದ ಪ್ರವಾಸಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಸಣ್ಣ ಪ್ರವಾಸಗಳು ಒಂದು ಸೀಸನ್‌ನಲ್ಲಿ ಬೇಕಾದಷ್ಟು ಹೊರಡುತ್ತವೆ, ಸೌತ್ ಜಾರ್ಜಿಯಾ ಸೇರಿದವು ಕಡಿಮೆ. ಡಿಸೆಂಬರ್‌ನ ಒಳ್ಳೆಯ ಚಿಕ್ಕ ಹಡಗು ಕೊನೆವರೆಗೆ ಖಾಲಿ ಉಳಿಯುವುದು ಅಪರೂಪ.

ಇನ್ನೊಂದು ದಾರಿ ಹೆಚ್ಚಿನವರಿಗೆ ಗೊತ್ತಿಲ್ಲ. ದಕ್ಷಿಣದ ಬೇಸಿಗೆ ಮುಗಿದ ಮೇಲೆ ಹಡಗುಗಳು ಉತ್ತರಕ್ಕೆ ಹೋಗಲೇಬೇಕು. ಮಾರ್ಚ್ ಕೊನೆಗೆ ಕೆಲವು ಹಡಗುಗಳು ಉಶುವಾಯದಿಂದ ಸೌತ್ ಜಾರ್ಜಿಯಾ, ಟ್ರಿಸ್ಟನ್ ಡ ಕುನ್ಹ, ಸೇಂಟ್ ಹೆಲೆನಾ ದ್ವೀಪಗಳನ್ನು ಮುಟ್ಟಿ ಅಟ್ಲಾಂಟಿಕ್ ಉದ್ದಕ್ಕೂ ಸಾಗುತ್ತವೆ. ದಿನದ ಲೆಕ್ಕದಲ್ಲಿ ಇವು ಅಗ್ಗ. ಸಮುದ್ರದ ಹಕ್ಕಿಗಳ ಹುಚ್ಚು ಇರುವವರಿಗೆ ಹಬ್ಬ, ಉಳಿದವರಿಗೆ ಬೇಜಾರು.

ಉಶುವಾಯಕ್ಕೇ ಹೋಗಿ ಕಾದರೆ ಅಗ್ಗದಲ್ಲಿ ಸಿಗುತ್ತದಂತೆ?

ಹಿಂದೆ ಬೆನ್ನಿಗೆ ಚೀಲ ಹಾಕಿಕೊಂಡು ದಕ್ಷಿಣ ಅಮೆರಿಕ ಸುತ್ತುವವರು ಹಾಗೇ ಮಾಡುತ್ತಿದ್ದರು. ಬಂದರಿನ ಹತ್ತಿರದ ಏಜೆನ್ಸಿಗಳ ಬಾಗಿಲಿಗೆ ಅಂಟಿಸಿದ ಪಟ್ಟಿ ನೋಡಿ, ಎರಡು ದಿನದಲ್ಲಿ ಹತ್ತುತ್ತಿದ್ದರು. ಈಗ ಅದೇ ಪಟ್ಟಿ ಈಮೇಲ್‌ನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಹೋಗುತ್ತದೆ. ಕಾಯುವವರಿಗೆ ಮಾತ್ರ ಸಿಗುವ ಗುಟ್ಟಿನ ಬೆಲೆ ಅನ್ನುವುದು ಹೆಚ್ಚು ಉಳಿದಿಲ್ಲ. ಉಶುವಾಯದಲ್ಲಿ ಉಳಿಯುವುದೂ ಅಗ್ಗವಲ್ಲ.

ಹೇಗೂ ಮೂರು ತಿಂಗಳು ದಕ್ಷಿಣ ಅಮೆರಿಕದಲ್ಲಿ ಇರುವವರು ನೀವಾದರೆ ಪ್ರಯತ್ನಿಸಿ. ಸಿಕ್ಕರೆ 10 ದಿನದ ಪ್ರವಾಸ ಸಿಗಬಹುದು. 20 ದಿನದ್ದಕ್ಕೆ ಈ ಆಟ ಬೇಡ.

ಹಾಗಾದರೆ ಬೆಂಗಳೂರಿನಲ್ಲಿ ಕೂತವರಿಗೆ 'ಕೊನೆಗಳಿಗೆ' ಅಂದರೆ ಎಷ್ಟು ದಿನ?

ಎರಡು-ಮೂರು ತಿಂಗಳು. ಅದಕ್ಕಿಂತ ಹತ್ತಿರ ಬಂದರೆ ಕಾಗದಪತ್ರಗಳೇ ಕೈಕೊಡುತ್ತವೆ.

ಮೊದಲು ವೀಸಾ. ಭಾರತದ ಪಾಸ್‌ಪೋರ್ಟಿಗೆ ಅರ್ಜೆಂಟೀನಾ ವೀಸಾ ಬೇಕು. ಅಮೆರಿಕದ ಪ್ರವಾಸಿ ವೀಸಾ ಚಾಲ್ತಿಯಲ್ಲಿರುವ ಭಾರತೀಯರಿಗೆ 2025ರಲ್ಲಿ ಅರ್ಜೆಂಟೀನಾ ಸಡಿಲಿಕೆ ಕೊಟ್ಟಿದೆ. ಅದಿಲ್ಲದವರು ಮುಂಬೈ ಅಥವಾ ದೆಹಲಿಯ ಮೂಲಕ ಅರ್ಜಿ ಹಾಕಿ ಕಾಯಬೇಕು. ಒಂದು ಸೂಕ್ಷ್ಮ: ಹಡಗು ಅರ್ಜೆಂಟೀನಾ ಬಿಟ್ಟು ಫಾಕ್‌ಲ್ಯಾಂಡ್‌ಗೆ ಹೋಗಿ, ಮತ್ತೆ ಉಶುವಾಯಕ್ಕೆ ಬರುತ್ತದೆ. ಅಂದರೆ ನೀವು ಆ ದೇಶಕ್ಕೆ ಎರಡು ಸಲ ಒಳಬರುತ್ತೀರಿ. ಒಂದೇ ಸಲದ ಪ್ರವೇಶಕ್ಕೆ ಕೊಟ್ಟ ವೀಸಾ ಸಾಲದು. ಫಾಕ್‌ಲ್ಯಾಂಡ್, ಸೌತ್ ಜಾರ್ಜಿಯಾ ಎರಡೂ ಬ್ರಿಟನ್ನಿನ ಆಡಳಿತದಲ್ಲಿವೆ. ಹಡಗಿನಲ್ಲಿ ಬರುವ ಭಾರತೀಯರಿಗೆ ಏನು ಬೇಕು ಎಂದು ಕಂಪನಿಯಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಬಾಯಿಮಾತಿನ 'ಏನೂ ಬೇಡ ಸಾರ್' ನಂಬಬೇಡಿ.

ಎರಡನೆಯದು ಹಳದಿ ಜ್ವರದ ಲಸಿಕೆ. ಇದನ್ನು ಬಹಳ ಜನ ಮರೆಯುತ್ತಾರೆ. ಅರ್ಜೆಂಟೀನಾ, ಬ್ರೆಜಿಲ್, ಇಥಿಯೋಪಿಯಾ ಮೂರೂ ಭಾರತ ಸರ್ಕಾರದ ಹಳದಿ ಜ್ವರದ ಪಟ್ಟಿಯಲ್ಲಿವೆ. ಅಲ್ಲಿಂದ ನೇರ ವಾಪಸ್ ಬಂದಾಗ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಕ್ವಾರಂಟೈನ್‌ಗೆ ಕಳಿಸಬಹುದು. ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಹೋದ ದಿನವೇ ಸಿಗುತ್ತದೆ ಎನ್ನುವಂತಿಲ್ಲ. 60 ದಾಟಿದವರು ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು. ಒಮ್ಮೆ ಹಾಕಿಸಿದರೆ ಜೀವನಪರ್ಯಂತ ನಡೆಯುತ್ತದೆ. ಹಾಗಾಗಿ ಡೀಲ್ ಹುಡುಕುವ ಮೊದಲೇ ಹಾಕಿಸಿಕೊಂಡು ಆ ಹಳದಿ ಪುಸ್ತಕವನ್ನು ಪಾಸ್‌ಪೋರ್ಟ್ ಜೊತೆ ಇಟ್ಟುಬಿಡಿ.

ಮೂರನೆಯದು ವಿಮಾನ. ದುಬೈ, ದೋಹಾ, ಆಡಿಸ್ ಅಬಾಬಾ ಅಥವಾ ಯುರೋಪ್ ಮೂಲಕ ಹೋಗಬೇಕು, ಒಂದೂವರೆ ದಿನ ಹಿಡಿಯುತ್ತದೆ. ಹಡಗಿನಲ್ಲಿ 2,000 ಡಾಲರ್ ಉಳಿಸಿ, ಎರಡು ವಾರ ಮುಂಚೆ ಕೊಂಡ ವಿಮಾನದ ಟಿಕೆಟ್‌ನಲ್ಲಿ ಅಷ್ಟನ್ನೂ ಕಳೆದುಕೊಳ್ಳುವುದು ಸುಲಭ. ಬ್ಯೂನಸ್ ಐರಿಸ್‌ನಲ್ಲಿ ಎರಡು ವಿಮಾನ ನಿಲ್ದಾಣಗಳಿವೆ. ಅಂತರರಾಷ್ಟ್ರೀಯ ವಿಮಾನ ಇಳಿಯುವುದು ಹೆಚ್ಚಾಗಿ ಎಸೇಸಾದಲ್ಲಿ, ಉಶುವಾಯದ ವಿಮಾನ ಊರೊಳಗಿನ ಏರೋಪಾರ್ಕೆಯಿಂದ ಹೊರಡಬಹುದು. ನಡುವೆ ಲಗೇಜ್ ಎಳೆದುಕೊಂಡು ಟ್ಯಾಕ್ಸಿ ಹಿಡಿಯಬೇಕು. ಹಡಗು ಹೊರಡುವ ದಿನಕ್ಕಿಂತ ಕನಿಷ್ಠ ಎರಡು ದಿನ ಮುಂಚೆ ಉಶುವಾಯ ಮುಟ್ಟಿ. ಹಡಗು ನಿಮಗಾಗಿ ಕಾಯುವುದಿಲ್ಲ.

ಒಂದು ಡೀಲ್ ಒಳ್ಳೆಯದಾ ಎಂದು ಹೇಗೆ ತಿಳಿಯುವುದು?

'40 ಪರ್ಸೆಂಟ್ ಕಡಿತ' ಅನ್ನುವುದನ್ನು ಓದಲೇಬೇಡಿ. ಯಾವ ಬೆಲೆಯ ಮೇಲೆ 40 ಅನ್ನುವುದು ಅವರೇ ಬರೆದುಕೊಂಡ ಲೆಕ್ಕ. ಅದೇ ಹಡಗಿನ, ಅದೇ ಕ್ಯಾಬಿನ್‌ನ ಬೇರೆ ದಿನಾಂಕದ ಬೆಲೆ ನೋಡಿ. ಸೌತ್ ಜಾರ್ಜಿಯಾದಲ್ಲಿ ಎಷ್ಟು ದಿನ ಎಂದು ಕೇಳಿ. ಎರಡೇ ದಿನ ಅಂದರೆ ಬಿಟ್ಟುಬಿಡಿ. ಅಲ್ಲಿ ಬೆಟ್ಟದಿಂದ ಇಳಿದು ಬರುವ ಗಾಳಿ ಒಂದು ದಿನ ಪೂರ್ತಿ ತಿಂದುಹಾಕಬಹುದು. ಮೂರು ದಿನ ಕನಿಷ್ಠ, ನಾಲ್ಕು ನೆಮ್ಮದಿ.

ಆಮೇಲೆ ಏನೇನು ಸೇರಿದೆ ನೋಡಿ. ದಪ್ಪ ಜಾಕೆಟ್ ಕೊಡುತ್ತಾರಾ? ಬೂಟು ಬಾಡಿಗೆಗಾ, ಸುಮ್ನೆ ಕೊಡುತ್ತಾರಾ? ಇಂಧನದ ಹೆಚ್ಚುವರಿ ಶುಲ್ಕ, ಸೌತ್ ಜಾರ್ಜಿಯಾದ ಪ್ರವೇಶ ಶುಲ್ಕ ಒಳಗಿದೆಯಾ? ಹತ್ತುವ ಊರು, ಇಳಿಯುವ ಊರು ಒಂದೇನಾ? ಕೆಲವು ಪ್ರವಾಸಗಳು ಉಶುವಾಯದ ಬದಲು ಮೊಂಟೆವಿಡಿಯೊ, ಪುಯೆರ್ತೊ ಮಾದ್ರಿನ್‌ನಲ್ಲಿ ಶುರುವಾಗುತ್ತವೆ ಅಥವಾ ಮುಗಿಯುತ್ತವೆ.

ರದ್ದತಿ ನಿಯಮ ಕೊನೆಗಳಿಗೆಯಲ್ಲಿ ಕ್ರೂರ. ಇಂದು ಬುಕ್ ಮಾಡಿದರೆ ಇಂದೇ ಪೂರ್ತಿ ಹಣ, ನಾಳೆ ವೀಸಾ ಸಿಗದಿದ್ದರೆ ಒಂದು ರೂಪಾಯಿಯೂ ವಾಪಸ್ ಇಲ್ಲ. ಹಣ ಕಳಿಸುವ ಮೊದಲು ಆ ಹಡಗಿನ ಕಂಪನಿ ಐಎಎಟಿಒ ಸದಸ್ಯರ ಪಟ್ಟಿಯಲ್ಲಿದೆಯಾ, ಆ ಏಜೆಂಟ್ ನಿಜವಾಗಿ ಅವರ ಮಾರಾಟಗಾರನಾ ಎಂದು ಕಂಪನಿಗೇ ಬರೆದು ಕೇಳಿ.

ಒಬ್ಬರೇ ಹೋಗುವವರಿಗೆ?

ಒಂಟಿಯಾಗಿ ಕ್ಯಾಬಿನ್ ಬೇಕಿದ್ದರೆ ಒಂದೂವರೆಯಿಂದ ಎರಡು ಪಟ್ಟು ಕೇಳುತ್ತಾರೆ. ಹಂಚಿಕೊಳ್ಳಲು ಒಪ್ಪಿದರೆ ಅದೇ ಲಿಂಗದವರ ಜೊತೆ ಹಾಕುತ್ತಾರೆ, ಹೆಚ್ಚುವರಿ ಇಲ್ಲ. ಕೊನೆಗಳಿಗೆಯ ಡೀಲ್‌ಗಳು ಹೆಚ್ಚು ಕೆಲಸಕ್ಕೆ ಬರುವುದು ಒಂಟಿ ಪ್ರವಾಸಿಗೇ, ಯಾಕೆಂದರೆ ಉಳಿದಿರುವುದು ಸಾಮಾನ್ಯವಾಗಿ ಒಂದು ಮಂಚ.

ಡ್ರೇಕ್ ಪ್ಯಾಸೇಜ್ ತಡೆದುಕೊಳ್ಳಬಹುದಾ?

ಕೆಲವೊಮ್ಮೆ ಕೆರೆಯಷ್ಟು ಶಾಂತ, ಕೆಲವೊಮ್ಮೆ ಕುರ್ಚಿಗಳನ್ನು ನೆಲಕ್ಕೆ ಕೊಂಡಿ ಹಾಕಿ ಬಿಗಿಯುವಷ್ಟು ಜೋರು. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕುವವರು ನೀವಾದರೆ ಮಾತ್ರೆ ಖಂಡಿತ ಬೇಕು. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಅವೋಮಿನ್ ಕೆಲಸ ಮಾಡುತ್ತದೆ, ನಿದ್ದೆ ಬರುತ್ತದೆ. ಕಿವಿಯ ಹಿಂದೆ ಅಂಟಿಸುವ ಪಟ್ಟಿಯೂ ಇದೆ. ಬೇರೆ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿ ಹೋಗಿ. ಉಶುವಾಯದಿಂದ ತೆರೆದ ಸಮುದ್ರಕ್ಕೆ ಹೋಗುವ ಬೀಗಲ್ ಕಾಲುವೆಯನ್ನು ಹಡಗು ದಾಟುವ ಮೊದಲೇ ನುಂಗಬೇಕು, ವಾಂತಿ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಕೆಳಗಿನ ಡೆಕ್ಕಿನ, ಹಡಗಿನ ನಡುವಿನ ಕ್ಯಾಬಿನ್ ಅಲುಗುವುದು ಕಡಿಮೆ. ಅಗ್ಗದ ಕ್ಯಾಬಿನ್ ಇರುವುದೂ ಅಲ್ಲೇ. ಬಾಲ್ಕನಿಗೆ ಹೆಚ್ಚು ದುಡ್ಡು ಕೊಡುವುದು ನನಗೆ ದಂಡವಾಗಿ ಕಾಣುತ್ತದೆ. ತಿಮಿಂಗಿಲ ಯಾವ ಕಡೆ ಬರುತ್ತದೋ ಯಾರಿಗೆ ಗೊತ್ತು, ಎಲ್ಲರೂ ಓಡುವುದು ಮೇಲಿನ ಡೆಕ್ಕಿಗೆ.

ಸಸ್ಯಾಹಾರ ಸಿಗುತ್ತದಾ?

ಸಿಗುತ್ತದೆ. ಬುಕ್ ಮಾಡುವಾಗಲೇ ಬರೆದುಕೊಡಿ. 'ವೆಜಿಟೇರಿಯನ್' ಅಂದರೆ ಅವರಿಗೆ ಮೊಟ್ಟೆ ಸೇರಿದ ಊಟ. ಮೊಟ್ಟೆ ಬೇಡ, ಈರುಳ್ಳಿ ಬೆಳ್ಳುಳ್ಳಿ ಬೇಡ ಅನ್ನುವುದನ್ನು ಬಿಡಿಸಿ ಹೇಳಬೇಕು. ಮೂರನೇ ವಾರಕ್ಕೆ ಪಾಸ್ತಾ, ಸಲಾಡ್ ನೋಡಿದರೆ ಸಾಕು ಅನ್ನಿಸುತ್ತದೆ. ಚಟ್ನಿಪುಡಿಯ ಡಬ್ಬಿ ಆಗ ಚಿನ್ನ. ಅರ್ಜೆಂಟೀನಾ ಕಸ್ಟಮ್ಸ್‌ನಲ್ಲಿ ತಿಂಡಿ ಇದೆ ಎಂದು ಘೋಷಿಸಿ, ಕಂಪನಿಯ ಪ್ಯಾಕೆಟ್‌ನಲ್ಲಿರುವುದನ್ನೇ ಒಯ್ಯಿರಿ. ಹಡಗಿನಿಂದ ದಡಕ್ಕೆ ಮಾತ್ರ ಒಂದು ಕಾಳೂ ಒಯ್ಯುವಂತಿಲ್ಲ.

ಆ ಬೂಟು ತಪಾಸಣೆ ಅಂದರೆ ಏನು?

ಸೌತ್ ಜಾರ್ಜಿಯಾ ಮುಟ್ಟುವ ಹಿಂದಿನ ದಿನ ಲಾಂಜಿನಲ್ಲಿ ಎಲ್ಲರೂ ಜಾಕೆಟ್, ಪ್ಯಾಂಟು, ಕ್ಯಾಮೆರಾ ಬ್ಯಾಗು ಹರಡಿಕೊಂಡು ಕೂರುತ್ತಾರೆ. ಜೇಬನ್ನು ಒಳಹೊರಗು ಮಾಡಿ ವ್ಯಾಕ್ಯೂಮ್ ಹಾಕುತ್ತಾರೆ. ವೆಲ್ಕ್ರೊ ಪಟ್ಟಿಯ ಕೊಕ್ಕೆಗಳ ನಡುವೆ ಸಿಕ್ಕಿದ ಹುಲ್ಲಿನ ಬೀಜ, ಸಾಕ್ಸಿನ ನೂಲು ಎಲ್ಲವನ್ನೂ ಪೇಪರ್ ಕ್ಲಿಪ್ ನೇರ ಮಾಡಿಕೊಂಡು ಕಿತ್ತು ತೆಗೆಯಬೇಕು. ಬೂಟಿನ ಅಡಿಯ ಒಂದೊಂದು ಗೆರೆಯನ್ನೂ ಟಾರ್ಚ್ ಹಾಕಿ ನೋಡುತ್ತಾರೆ. ದ್ವೀಪದ ಸರ್ಕಾರದ ಅಧಿಕಾರಿಗಳು ಹಡಗು ಹತ್ತಿ ಮತ್ತೆ ನೋಡುತ್ತಾರೆ. ಕೊಡಗಿನ ಚಾರಣಕ್ಕೆ ಹಾಕಿದ್ದ ಜಾಕೆಟನ್ನೇ ತರುವವರು ಮನೆಯಲ್ಲೇ ಕೂತು ಈ ಕೆಲಸ ಮುಗಿಸಿ ಬಂದರೆ ಅಲ್ಲಿ ಅರ್ಧ ದಿನ ಉಳಿಯುತ್ತದೆ.

65 ದಾಟಿದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಈ ಹಡಗುಗಳಲ್ಲಿ ಆ ವಯಸ್ಸಿನವರೂ ಬಹಳ ಜನ ಇರುತ್ತಾರೆ. ಅಲುಗಾಡುವ ಮೆಟ್ಟಿಲು ಇಳಿಯಲು, ನಾವಿಕನ ಮೊಣಕೈ ಗಟ್ಟಿಯಾಗಿ ಹಿಡಿದು ರಬ್ಬರ್ ದೋಣಿಗೆ ಕಾಲಿಡಲು, ಮೊಣಕಾಲಿನವರೆಗಿನ ನೀರಲ್ಲಿ ಎರಡು ಹೆಜ್ಜೆ ನಡೆದು ದಡ ಹತ್ತಲು ಆದರೆ ಸಾಕು. ಮಂಡಿನೋವು ಇದ್ದವರು ಒಮ್ಮೊಮ್ಮೆ ದೋಣಿಯಲ್ಲೇ ಕೂತು ನೋಡಬಹುದು. ಹೃದಯದ ತೊಂದರೆ, ಡಯಾಲಿಸಿಸ್ ಇದ್ದರೆ ಬೇಡ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆಸ್ಪತ್ರೆ ಇರುವುದಿಲ್ಲ. ಸೌತ್ ಜಾರ್ಜಿಯಾದಲ್ಲಿ ವಿಮಾನ ಇಳಿಯುವ ಪಟ್ಟಿಯೇ ಇಲ್ಲ. ಅಲ್ಲಿ ಏನಾದರೂ ಆದರೆ ಹಡಗು ತಿರುಗಿಸಿಕೊಂಡು ದಿನಗಟ್ಟಲೆ ಬರಬೇಕು.

ಅದಕ್ಕೇ ತುರ್ತಾಗಿ ಸಾಗಿಸುವ ಖರ್ಚು ಒಳಗೊಂಡ ವಿಮೆ ಇಲ್ಲದೆ ಹತ್ತಿಸಿಕೊಳ್ಳುವುದಿಲ್ಲ. ಪಾಲಿಸಿಯಲ್ಲಿ 'ಇಡೀ ಜಗತ್ತು' ಎಂದಿದ್ದರೂ ಅಂಟಾರ್ಕ್ಟಿಕಾ ಹೊರಗಿಟ್ಟಿರಬಹುದು. ಸಣ್ಣ ಅಕ್ಷರ ಓದಿ, ಈಮೇಲ್‌ನಲ್ಲಿ ಒಪ್ಪಿಗೆ ತರಿಸಿಕೊಳ್ಳಿ.

ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ಕೇಂದ್ರಗಳಾದ ಮೈತ್ರಿ, ಭಾರತಿ ನೋಡಬಹುದಾ?

ಇಲ್ಲ. 1989ರ ಮೈತ್ರಿ, 2012ರ ಭಾರತಿ ಎರಡೂ ಖಂಡದ ಇನ್ನೊಂದು ಬದಿಯಲ್ಲಿ, ಈ ದಾರಿಯಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿವೆ.

ಇಷ್ಟು ರಜೆ, ಇಷ್ಟು ದುಡ್ಡು ಇಲ್ಲದವರಿಗೆ ಬೇರೆ ದಾರಿ?

ಉತ್ತರ ಧ್ರುವದ ಕಡೆಗಿರುವ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳು. ಬೇಸಿಗೆಯಲ್ಲಿ ಅಲ್ಲಿನ ಲಾಂಗ್‌ಇಯರ್‌ಬೀನ್ ಊರಿನಿಂದ ಒಂದು ವಾರದ, ಹತ್ತು ದಿನದ ಹಡಗುಗಳಿವೆ. ವಾಲ್ರಸ್, ಹಿಮಕರಡಿ, ಬಂಡೆ ತುಂಬ ಹಕ್ಕಿಗಳು. ಸ್ವಾಲ್‌ಬಾರ್ಡ್‌ಗೆ ವೀಸಾ ಬೇಡವಾದರೂ ಓಸ್ಲೊ ಮೂಲಕ ಹೋಗಿ ಬರಲು ಎರಡು ಸಲದ ಶೆಂಗೆನ್ ವೀಸಾ ಬೇಕು. 2025ರಿಂದ ಹಿಮಕರಡಿಯಿಂದ ಕನಿಷ್ಠ 300 ಮೀಟರ್, ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್ ದೂರ ಇರಬೇಕೆಂಬ ನಿಯಮ ಬಂದಿದೆ. ಒಳ್ಳೆಯ ದೂರದರ್ಶಕ ಇಲ್ಲದೆ ಹೋದರೆ ಕರಡಿ ಹಳದಿ ಚುಕ್ಕಿಯಷ್ಟೇ.

ಹಡಗಿನ ಮೇಲಿನ ಖರ್ಚು, ಟಿಪ್ಸ್, ಇಂಟರ್ನೆಟ್?

ಊಟ, ದೋಣಿ ಸುತ್ತಾಟ, ಉಪನ್ಯಾಸ ಎಲ್ಲ ಟಿಕೆಟ್‌ನಲ್ಲೇ ಬರುತ್ತದೆ. ಕಯಾಕ್, ಹಿಮದ ಮೇಲೆ ರಾತ್ರಿ ಮಲಗುವುದು ಹೆಚ್ಚಾಗಿ ಬೇರೆ ದುಡ್ಡು. ಟಿಪ್ಸ್ ಒಬ್ಬರಿಗೆ ದಿನಕ್ಕೆ 15 ಡಾಲರ್ ಆಸುಪಾಸು ಎಂದು ಸೂಚಿಸುವುದುಂಟು, 20 ದಿನಕ್ಕೆ 300 ಆಯಿತು, ಬಜೆಟ್‌ನಲ್ಲಿ ಸೇರಿಸಿಕೊಳ್ಳಿ. ಈಗ ಬಹಳ ಹಡಗುಗಳಲ್ಲಿ ಉಪಗ್ರಹದ ಇಂಟರ್ನೆಟ್ ಇದೆ, ಕೆಲವದರಲ್ಲಿ ಉಚಿತ. ಆಫೀಸಿಗೆ ಈ ವಿಷಯ ಹೇಳಬೇಕಾ ಬೇಡವಾ ನೀವೇ ನೋಡಿಕೊಳ್ಳಿ.